ಹೆಸರು ಹೇಳದ ನಟಿ, ಹೆಸರಿಲ್ಲದವರ ಸಿನಿಮಾ

ನಿಮಗಿದು ಗೊತ್ತೇ?

ನಟಿಯೊಬ್ಬಳಿಗೆ ಆಸ್ಕರ್ ಬಂತೆಂದರೆ ಮುಂದೆ ಇನ್ನೂ ದೊಡ್ಡ ಪಾತ್ರ, ಇನ್ನೂ ದಪ್ಪ ಸಂಭಾವನೆ ಎಂದುಕೊಳ್ಳುತ್ತೇವೆ. ಅಮೆರಿಕದ ಲೀ ಗ್ರಾಂಟ್ ಹಿಡಿದದ್ದು ಬೇರೆ ದಾರಿ. ಮುಷ್ಕರ ಹೂಡಿದ ಬ್ಯಾಂಕ್ ಗುಮಾಸ್ತೆಯರು, ಜೈಲಿನಲ್ಲಿದ್ದ ಹೆಂಗಸರು, ಜಮೀನು ಕಳೆದುಕೊಂಡ ರೈತರು, ಬೀದಿಗೆ ಬಿದ್ದ ಸಂಸಾರಗಳು... ಇವರೆದುರು ಕ್ಯಾಮೆರಾ ಇಟ್ಟು, ಅವರ ಮಾತಿಗೆ ಕಿವಿಗೊಟ್ಟು ಕೂತರು. ಅದಕ್ಕೆ ಮೊದಲು ಹನ್ನೆರಡು ವರ್ಷ ಚಿತ್ರರಂಗ ಆಕೆಯನ್ನೇ ಹೊರಗೆ ನಿಲ್ಲಿಸಿತ್ತು. ಈ ಎರಡು ಸಂಗತಿಗಳ ನಡುವೆ ನಂಟಿದೆ. ಒಂದೊಂದಾಗಿ ನೋಡಿ.

ಬಣ್ಣ ಹಚ್ಚಿದ ದಿನಗಳು

★ ಲೀ ಗ್ರಾಂಟ್ ಎಂಬುದು ರಂಗದ ಹೆಸರು. ನ್ಯೂಯಾರ್ಕಿನ ಯಹೂದಿ ಕುಟುಂಬದಲ್ಲಿ ಹುಟ್ಟಿದಾಗ ಇಟ್ಟ ಹೆಸರು ಲ್ಯೋವಾ ಹ್ಯಾಸ್ಕೆಲ್ ರೋಸೆಂಥಾಲ್.

★ ಆಕೆ ಮೊದಲು ವೇದಿಕೆ ಹತ್ತಿದ್ದು ಎಲ್ಲಿ ಗೊತ್ತೇ? ನ್ಯೂಯಾರ್ಕಿನ ಹೆಸರಾಂತ ಮೆಟ್ರೊಪಾಲಿಟನ್ ಒಪೆರಾದಲ್ಲಿ, ಇನ್ನೂ ಎಳೆ ಮಗುವಾಗಿದ್ದಾಗ. ‘ಲೊರಾಕೊಲೊ’ ಎಂಬ ಒಪೆರಾದಲ್ಲಿ ಅಪಹರಣಕ್ಕೊಳಗಾಗುವ ಕೂಸಿನ ಪಾತ್ರ.

★ ನಟನೆ ಕಲಿತದ್ದು ನೇಬರ್‌ಹುಡ್ ಪ್ಲೇಹೌಸ್‌ನಲ್ಲಿ, ಸ್ಯಾನ್‌ಫರ್ಡ್ ಮೈಸ್ನರ್ ಅವರ ಬಳಿ. ಎದುರಿಗಿರುವವರ ಮಾತನ್ನು ನಿಜವಾಗಿ ಕೇಳಿಸಿಕೊಂಡು ಅದಕ್ಕೆ ಸ್ಪಂದಿಸಬೇಕು, ತಾನು ಹೇಳಬೇಕಾದ ಸಾಲನ್ನು ಕಾಯುತ್ತ ನಿಲ್ಲಬಾರದು ಎಂಬುದು ಮೈಸ್ನರ್ ಪಾಠದ ತಿರುಳು. ಮುಂದೆ ಸಂದರ್ಶನಕ್ಕೆ ಕೂತಾಗ ಲೀಗೆ ಒದಗಿ ಬಂದದ್ದು ಇದೇ ಪಾಠ.

★ 1949ರಲ್ಲಿ ಬ್ರಾಡ್‌ವೇಯಲ್ಲಿ ‘ಡಿಟೆಕ್ಟಿವ್ ಸ್ಟೋರಿ’ ನಾಟಕ ಬಂತು. ಅದರಲ್ಲಿ ಲೀ ಮಾಡಿದ್ದು ಅಂಗಡಿಯಲ್ಲಿ ಕದ್ದು ಸಿಕ್ಕಿಬಿದ್ದು, ಪೊಲೀಸ್ ಠಾಣೆಯ ಬೆಂಚಿನ ಮೇಲೆ ಗಾಬರಿಯಿಂದ ಕೂತಿರುವ ಹುಡುಗಿಯ ಪಾತ್ರ. ಆ ಪಾತ್ರಕ್ಕೆ ಹೆಸರೇ ಇಲ್ಲ. ಪಾತ್ರವರ್ಗದ ಪಟ್ಟಿಯಲ್ಲಿ ಬರೀ ‘ಅಂಗಡಿಗಳ್ಳಿ’ ಎಂದಿದೆ.

★ ವಿಲಿಯಂ ವೈಲರ್ 1951ರಲ್ಲಿ ಆ ನಾಟಕವನ್ನು ಸಿನಿಮಾ ಮಾಡಿದರು. ನಾಯಕ ಕರ್ಕ್ ಡಗ್ಲಸ್. ಹೆಸರಿಲ್ಲದ ಆ ಪಾತ್ರದಲ್ಲಿ ಮತ್ತೆ ಲೀ ಗ್ರಾಂಟ್. ಇಷ್ಟು ಚಿಕ್ಕ ಪಾತ್ರ ಆಕೆಗೆ ಆಸ್ಕರ್ ನಾಮನಿರ್ದೇಶನ ತಂದಿತು. 1952ರ ಕಾನ್ ಚಿತ್ರೋತ್ಸವದ ಶ್ರೇಷ್ಠ ನಟಿ ಪ್ರಶಸ್ತಿಯನ್ನೂ ತಂದಿತು.

★ ಕಾನ್‌ನಲ್ಲಿ ಪ್ರಶಸ್ತಿ ಬಂದ ಹೊತ್ತಿಗೆ ಹಾಲಿವುಡ್‌ನಲ್ಲಿ ಆಕೆಗೆ ಕೆಲಸ ಕೊಡುವವರೇ ಇರಲಿಲ್ಲ!

ಹನ್ನೆರಡು ವರ್ಷದ ಕಪ್ಪುಪಟ್ಟಿ

★ ಕೆಲಸ ಹೋದದ್ದು ಒಂದು ಶ್ರದ್ಧಾಂಜಲಿ ಭಾಷಣದಿಂದ. ನಟ ಜೆ. ಎಡ್ವರ್ಡ್ ಬ್ರಾಮ್‌ಬರ್ಗ್ 1951ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 47. ಕಮ್ಯುನಿಸ್ಟರನ್ನು ಹುಡುಕಲು ಹೊರಟಿದ್ದ ಅಮೆರಿಕ ಸಂಸತ್ತಿನ ಸಮಿತಿ ಅವರನ್ನು ವಿಚಾರಣೆಗೆ ಕರೆದು ಹಿಂಡಿತ್ತು. ಆ ಹಿಂಸೆಯೇ ಅವರ ಜೀವ ತೆಗೆಯಿತು ಎಂಬರ್ಥದಲ್ಲಿ ಲೀ ಸಂತಾಪ ಸಭೆಯಲ್ಲಿ ಮಾತಾಡಿದರು. ಅಷ್ಟೇ ಸಾಕಾಯಿತು.

★ ಆ ಸಮಿತಿಯ ಮುಂದೆ ಪಾರಾಗಲು ಇದ್ದ ದಾರಿ ಒಂದೇ: ಗೆಳೆಯರ, ಸಹೋದ್ಯೋಗಿಗಳ ಹೆಸರು ಹೇಳುವುದು. ಹೇಳಿದವರಿಗೆ ಕೆಲಸ ಉಳಿಯಿತು. ಹೇಳದವರ ಹೆಸರು ಕಪ್ಪುಪಟ್ಟಿ ಸೇರಿತು. 1947ರಲ್ಲಿ ಉತ್ತರ ಕೊಡಲು ನಿರಾಕರಿಸಿದ ‘ಹಾಲಿವುಡ್ ಟೆನ್’ ಎಂಬ ಹತ್ತು ಮಂದಿ ಚಿತ್ರಕರ್ಮಿಗಳು ಜೈಲಿಗೇ ಹೋದರು.

★ ಲೀ ಅವರಿಂದ ಸಮಿತಿ ಬಯಸಿದ್ದು ಗಂಡನ ವಿರುದ್ಧದ ಸಾಕ್ಷ್ಯ! ಆಕೆಯ ಮೊದಲ ಪತಿ ಆರ್ನಲ್ಡ್ ಮನಾಫ್ ಚಿತ್ರಕಥೆ ಬರೆಯುವವರು. ಅವರೂ ಕಪ್ಪುಪಟ್ಟಿಯಲ್ಲಿದ್ದರು. ಲೀ ಬಾಯಿ ಬಿಡಲಿಲ್ಲ. ಸುಮಾರು ಹನ್ನೆರಡು ವರ್ಷ ಸಿನಿಮಾ, ಟಿವಿ ಎರಡರ ಬಾಗಿಲೂ ಹೆಚ್ಚುಕಡಿಮೆ ಮುಚ್ಚಿಯೇ ಇತ್ತು. ನಟಿಯೊಬ್ಬಳ ಪಾಲಿಗೆ ಅವು ಹರೆಯದ ವರ್ಷಗಳು.

★ ರಂಗಭೂಮಿ ಮಾತ್ರ ಕೈಬಿಡಲಿಲ್ಲ. ಟಿವಿಗೆ ಜಾಹೀರಾತುದಾರರ ಹೆದರಿಕೆ, ಸ್ಟುಡಿಯೋಗಳಿಗೆ ಬ್ಯಾಂಕುಗಳ ಹೆದರಿಕೆ. ಬ್ರಾಡ್‌ವೇ ನಡೆಯುತ್ತಿದ್ದುದು ಟಿಕೆಟ್ ದುಡ್ಡಿನಲ್ಲಿ. ಹಾಗಾಗಿ ಪಟ್ಟಿಯ ಬಿಸಿ ಅಲ್ಲಿಗೆ ಅಷ್ಟಾಗಿ ತಟ್ಟಲಿಲ್ಲ. ಲೀ ನಾಟಕ ಆಡುತ್ತ, ನಟನೆಯ ಪಾಠ ಹೇಳುತ್ತ ದಿನ ದೂಡಿದರು. ಜಾನ್ ಜೆನೆಯ ‘ದಿ ಮೇಡ್ಸ್’ ನಾಟಕದ ಅಭಿನಯಕ್ಕೆ ಓಬಿ ಪ್ರಶಸ್ತಿ ಬಂತು.

★ ಮನಾಫ್, ವಾಲ್ಟರ್ ಬರ್ನ್‌ಸ್ಟೀನ್, ಏಬ್ರಹಾಂ ಪೊಲೊನ್‌ಸ್ಕಿ ಮೂವರೂ ಕಪ್ಪುಪಟ್ಟಿಯ ಬರಹಗಾರರು. ಇವರು ಬೇರೆಯವರ ಹೆಸರು ಹಾಕಿ ಟಿವಿಗೆ ಕಂತು ಬರೆದು ಹೊಟ್ಟೆ ಹೊರೆದರು. ಹಾಗೆ ಬರೆದ ‘ಯೂ ಆರ್ ದೇರ್’ ಸರಣಿಯ ನಿರ್ದೇಶಕರಲ್ಲಿ ಒಬ್ಬರು ಯಾರು ಬಲ್ಲಿರಾ? ಮುಂದೆ ‘12 ಆ್ಯಂಗ್ರಿ ಮೆನ್’ ಮಾಡಿದ ಸಿಡ್ನಿ ಲುಮೆಟ್. ಈ ಕಳ್ಳ ಬರವಣಿಗೆಯ ದಿನಗಳನ್ನೇ ಆಧರಿಸಿ ಬರ್ನ್‌ಸ್ಟೀನ್ ಬರೆದ ಚಿತ್ರ 1976ರ ‘ದಿ ಫ್ರಂಟ್’. ಅದರ ನಾಯಕ ವೂಡಿ ಆ್ಯಲನ್.

★ ಕಪ್ಪುಪಟ್ಟಿಯ ಬೆನ್ನು ಮುರಿದವರಲ್ಲಿ ಕರ್ಕ್ ಡಗ್ಲಸ್ ಕೂಡ ಒಬ್ಬರು. 1960ರ ‘ಸ್ಪಾರ್ಟಕಸ್’ ಚಿತ್ರದ ಬರಹಗಾರ ಡಾಲ್ಟನ್ ಟ್ರಂಬೊ ‘ಹಾಲಿವುಡ್ ಟೆನ್’ ಗುಂಪಿನವರು. ಅವರ ನಿಜವಾದ ಹೆಸರನ್ನೇ ತೆರೆಯ ಮೇಲೆ ಹಾಕಲಾಯಿತು.

ಮರಳಿ ಬಂದರು

★ 1960ರ ದಶಕದ ನಡುವೆ ಬಾಗಿಲು ತೆರೆಯಿತು. ಟಿವಿ ಧಾರಾವಾಹಿ ‘ಪೇಟನ್ ಪ್ಲೇಸ್’ಗೆ ಲೀ ಬಂದರು. 1966ರಲ್ಲಿ ಎಮ್ಮಿ ಪ್ರಶಸ್ತಿ ಗೆದ್ದರು.

★ 1967ರ ‘ಇನ್ ದ ಹೀಟ್ ಆಫ್ ದ ನೈಟ್’ ನೋಡಿದ್ದರೆ ಆಕೆಯ ಮುಖ ನಿಮಗೆ ನೆನಪಿರಬೇಕು. ಕೊಲೆಯಾದ ಉದ್ಯಮಿಯ ಹೆಂಡತಿ. ಸಾವಿನ ಸುದ್ದಿ ತಂದ ಪೊಲೀಸ್ ಅಧಿಕಾರಿಯಾಗಿ ಸಿಡ್ನಿ ಪಾಯ್ಟಿಯರ್. ಶ್ರೇಷ್ಠ ಚಿತ್ರ ಸೇರಿದಂತೆ ಐದು ಆಸ್ಕರ್ ಆ ಸಿನಿಮಾದ ಪಾಲಾದವು.

★ ತನಗೆ ತಾನೇ ಪ್ರತಿಸ್ಪರ್ಧಿಯಾದ ನಟಿ! 1971ರ ಎಮ್ಮಿಯಲ್ಲಿ ಒಂದೇ ವಿಭಾಗಕ್ಕೆ ಆಕೆಯ ಎರಡು ಅಭಿನಯಗಳು ನಾಮನಿರ್ದೇಶನಗೊಂಡವು. ಒಂದು ‘ಕೊಲಂಬೊ’ ಪತ್ತೇದಾರಿ ಸರಣಿಯ ಆರಂಭದ ಚಿತ್ರದಲ್ಲಿ ಮಾಡಿದ ಕೊಲೆಗಾತಿ ವಕೀಲೆ, ಇನ್ನೊಂದು ‘ದಿ ನಿಯಾನ್ ಸೀಲಿಂಗ್’. ಗೆದ್ದದ್ದು ಎರಡನೆಯದು.

★ 1975ರ ‘ಶಾಂಪೂ’ ಚಿತ್ರಕ್ಕೆ ಪೋಷಕ ನಟಿ ಆಸ್ಕರ್ ಬಂತು. ಅದರಲ್ಲಿ ಲೀ ಮಗಳ ಪಾತ್ರ ಮಾಡಿದ ಹುಡುಗಿಗೆ ಅದು ಮೊದಲ ಸಿನಿಮಾ. ಆಕೆಯೇ ಮುಂದೆ ‘ಸ್ಟಾರ್ ವಾರ್ಸ್’ನ ರಾಜಕುಮಾರಿ ಲಿಯಾ ಆದ ಕ್ಯಾರಿ ಫಿಷರ್.

★ ಲೀ ಅವರ ಸ್ವಂತ ಮಗಳು ಡೈನಾ ಮನಾಫ್ ಕೂಡ ನಟಿ. 1978ರ ‘ಗ್ರೀಸ್’ ಚಿತ್ರದ ಮಾರ್ಟಿ ಆಕೆಯೇ.

ಕ್ಯಾಮೆರಾದ ಹಿಂದಕ್ಕೆ

★ 1974ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಹೆಂಗಸರಿಗೆಂದೇ ನಿರ್ದೇಶನದ ಕಾರ್ಯಾಗಾರ ತೆರೆಯಿತು. ಆಗ ಹಾಲಿವುಡ್‌ನಲ್ಲಿ ನಿರ್ದೇಶಕಿಯರನ್ನು ಬೆರಳು ಮಡಚಿ ಎಣಿಸಬಹುದಿತ್ತು. ಮೊದಮೊದಲ ವಿದ್ಯಾರ್ಥಿನಿಯರ ಸಾಲು ನೋಡಿ: ಕವಯಿತ್ರಿ ಮಾಯಾ ಏಂಜೆಲೊ, ನಟಿ ಎಲೆನ್ ಬರ್ಸ್ಟಿನ್, ನಟಿ ಡಯಾನ್ ಕ್ಯಾನನ್ ಮತ್ತು ಲೀ ಗ್ರಾಂಟ್.

★ ಅಲ್ಲಿ ಲೀ ಮಾಡಿದ ಕಿರುಚಿತ್ರ ‘ದಿ ಸ್ಟ್ರಾಂಗರ್’. ಸ್ವೀಡನ್ನಿನ ಸ್ಟ್ರಿಂಡ್‌ಬರ್ಗ್ ಬರೆದ ಈ ಪುಟ್ಟ ನಾಟಕದಲ್ಲಿ ಇಬ್ಬರು ನಟಿಯರು. ಒಬ್ಬಳು ಮಾತಾಡುತ್ತಲೇ ಇರುತ್ತಾಳೆ, ಇನ್ನೊಬ್ಬಳು ಕೊನೆಯವರೆಗೂ ತುಟಿ ಪಿಟಕ್ಕೆನ್ನುವುದಿಲ್ಲ.

★ ಮೊದಲ ಪೂರ್ಣಪ್ರಮಾಣದ ಕಥಾಚಿತ್ರ 1980ರ ‘ಟೆಲ್ ಮಿ ಎ ರಿಡಲ್’. ಮೂಲ ಕಥೆ ಟಿಲ್ಲಿ ಓಲ್ಸನ್ ಎಂಬ ಲೇಖಕಿಯದು, ನಿರ್ಮಾಣ ಮೂವರು ಹೆಂಗಸರದು. ನಾಯಕ, ನಾಯಕಿ ಇಬ್ಬರೂ ಮುದುಕರು. ಮದುವೆಯಾಗಿ ದಶಕಗಳೇ ಕಳೆದ ದಂಪತಿಯ ಕಥೆ.

★ ಆ ಚಿತ್ರದ ವೃದ್ಧ ನಾಯಕ ಮೆಲ್ವಿನ್ ಡಗ್ಲಸ್ ಅವರಿಗೂ ಕಮ್ಯುನಿಸ್ಟ್ ಬೇಟೆಯ ಬಿಸಿ ತಟ್ಟಿತ್ತು. ಅವರ ಪತ್ನಿ ಹೆಲೆನ್ ಗಹಗನ್ ಡಗ್ಲಸ್ ನಟಿಯಾಗಿದ್ದು ರಾಜಕಾರಣಕ್ಕೆ ಬಂದವರು. 1950ರ ಸೆನೆಟ್ ಚುನಾವಣೆಯಲ್ಲಿ ಆಕೆಗೆ ಕೆಂಪು ಬಣ್ಣ ಬಳಿದು ಸೋಲಿಸಿದವರು ರಿಚರ್ಡ್ ನಿಕ್ಸನ್.

ವಿಲ್ಮರ್ ಊರಿನ ಎಂಟು ಮಂದಿ

★ ಲೀ ಗ್ರಾಂಟ್ ಅವರ ಮೊದಲ ದೊಡ್ಡ ಸಾಕ್ಷ್ಯಚಿತ್ರ 1981ರ ‘ದಿ ವಿಲ್ಮರ್ 8’. ವಿಲ್ಮರ್ ಎಂಬುದು ಮಿನ್ನೆಸೋಟಾ ರಾಜ್ಯದ ಒಂದು ಚಿಕ್ಕ ಪಟ್ಟಣ. ಅಲ್ಲಿನ ಒಂದು ಬ್ಯಾಂಕಿನ ಎಂಟು ಮಹಿಳಾ ನೌಕರರು 1977ರ ಡಿಸೆಂಬರ್ 16ರಂದು ಕೆಲಸ ಬಿಟ್ಟು ಬೀದಿಗಿಳಿದರು. ಮಿನ್ನೆಸೋಟಾ ಕಂಡ ಮೊದಲ ಬ್ಯಾಂಕ್ ಮುಷ್ಕರ ಅದು.

★ ಕಾರಣ ಏನು? ಹೊರಗಿನಿಂದ ಒಬ್ಬ ಗಂಡಸನ್ನು ಮೇಲಿನ ಹುದ್ದೆಗೆ, ಹೆಚ್ಚಿನ ಸಂಬಳಕ್ಕೆ ತಂದು ಕೂರಿಸಲಾಯಿತು. ಅವನಿಗೆ ಕೆಲಸ ಕಲಿಸುವ ಹೊಣೆ ಮಾತ್ರ ವರ್ಷಗಟ್ಟಲೆ ಅಲ್ಲೇ ದುಡಿದ ಹೆಂಗಸರದು! ಆ ಹುದ್ದೆಗೆ ಅರ್ಜಿ ಹಾಕುವ ಅವಕಾಶವೂ ಅವರಿಗಿರಲಿಲ್ಲ.

★ ಇವರು ಹುಟ್ಟು ಹೋರಾಟಗಾರ್ತಿಯರಲ್ಲ. ಭಾನುವಾರ ಚರ್ಚಿಗೆ ಹೋಗಿ, ಉಳಿದ ದಿನ ಕೌಂಟರ್ ಹಿಂದೆ ನೋಟು ಎಣಿಸುತ್ತಿದ್ದವರು. ಮೂಳೆ ಕೊರೆಯುವ ಮಿನ್ನೆಸೋಟಾ ಚಳಿಯಲ್ಲಿ ಮೈತುಂಬ ಬಟ್ಟೆ ಸುತ್ತಿಕೊಂಡು ಬ್ಯಾಂಕಿನ ಮುಂದೆ ಫಲಕ ಹಿಡಿದು ಅತ್ತಿಂದಿತ್ತ ನಡೆದರು. ಒಂದಲ್ಲ, ಎರಡು ಚಳಿಗಾಲ.

★ ಗೆದ್ದರೇ? ಕಾಗದದಲ್ಲಿ ಅರ್ಧ. ಬ್ಯಾಂಕು ಕಾರ್ಮಿಕರ ಜೊತೆ ನಿಯಮ ಮೀರಿ ನಡೆದುಕೊಂಡಿದೆ ಎಂದು ರಾಷ್ಟ್ರೀಯ ಕಾರ್ಮಿಕ ಮಂಡಳಿ ಒಪ್ಪಿತು. ಆದರೆ ಮುಷ್ಕರಕ್ಕೆ ಅದೇ ಕಾರಣ ಎಂಬುದನ್ನು ಒಪ್ಪಲಿಲ್ಲ. ಹಾಗಾಗಿ ಹಿಂಬಾಕಿ ಸಂಬಳವೂ ಇಲ್ಲ, ಕೆಲಸ ಮರಳಿ ಸಿಗುವ ಭರವಸೆಯೂ ಇಲ್ಲ. ಲೀ ಈ ಸೋಲನ್ನು ಮುಚ್ಚಿಡಲಿಲ್ಲ. ಕೆಲಸ ಕಳೆದುಕೊಂಡ ಹೆಂಗಸರಲ್ಲಿ ಆದ ಬದಲಾವಣೆಯೇ ಆಕೆಗೆ ಕಥೆಯಾಯಿತು. ಮಾತಾಡಲು ಹಿಂಜರಿಯುತ್ತಿದ್ದವರು ಕ್ಯಾಮೆರಾ ಮುಂದೆ ತಮ್ಮ ಲೆಕ್ಕವನ್ನು ತಾವೇ ಬಿಡಿಸಿಟ್ಟರು.

★ ಈ ಹೆಂಗಸರು ಬೀದಿಗಿಳಿದ ಆಸುಪಾಸಿನಲ್ಲಿ, 1977-78ರಲ್ಲಿ, ತೆರೆಗೆ ಬಂದ ಲೀ ನಟನೆಯ ಚಿತ್ರಗಳು ಯಾವುವು ಗೊತ್ತೇ? ವಿಮಾನ ಸಮುದ್ರಕ್ಕೆ ಬೀಳುವ ‘ಏರ್‌ಪೋರ್ಟ್ 77’, ಸೈತಾನನ ಮಗ ಬೆಳೆಯುವ ‘ಡೇಮಿಯನ್: ಓಮನ್ 2’ ಮತ್ತು ಕೊಲೆಗಾರ ಜೇನ್ನೊಣಗಳು ಮುತ್ತಿಗೆ ಹಾಕುವ ‘ದಿ ಸ್ವಾರ್ಮ್’.

★ ಅದೇ ಮುಷ್ಕರವನ್ನು ಲೀ ಎರಡನೇ ಸಲವೂ ಚಿತ್ರ ಮಾಡಿದರು, ಈ ಬಾರಿ ನಟರನ್ನು ಇಟ್ಟುಕೊಂಡು. 1984ರ ‘ಎ ಮ್ಯಾಟರ್ ಆಫ್ ಸೆಕ್ಸ್’ ಎಂಬ ಟಿವಿ ಚಿತ್ರದಲ್ಲಿ ಜೀನ್ ಸ್ಟೇಪಲ್ಟನ್ ಜೊತೆ ಮಗಳು ಡೈನಾ ಕೂಡ ಇದ್ದರು. ಸಾಕ್ಷ್ಯಚಿತ್ರ ನೋಡದ ಮಂದಿಗೆ ಕಥೆಯ ರೂಪದಲ್ಲಿ ಸುದ್ದಿ ಮುಟ್ಟಿಸುವ ಈ ಉಪಾಯವನ್ನು ಆಕೆ ಮುಂದೆಯೂ ಬಿಡಲಿಲ್ಲ.

ಜಾಹೀರಾತಿಲ್ಲದ ಚಾನೆಲ್, ಅಂಜಿಕೆಯಿಲ್ಲದ ವಿಷಯ

★ ಸ್ವತಂತ್ರ ಸಾಕ್ಷ್ಯಚಿತ್ರಕ್ಕೆ ದುಡ್ಡು ಹುಟ್ಟುವುದು ಎಲ್ಲಿಂದ? ಲೀ ವಿಷಯದಲ್ಲಿ ಉತ್ತರ, 1972ರಲ್ಲಿ ಶುರುವಾದ ಎಚ್‌ಬಿಒ. ಅದು ನಡೆಯುತ್ತಿದ್ದುದು ಚಂದಾದಾರರ ಹಣದಲ್ಲಿ. ಸೋಪು, ಕಾರು ಕಂಪನಿಗಳ ಜಾಹೀರಾತು ಇಲ್ಲದಿದ್ದರಿಂದ ‘ಈ ವಿಷಯ ಬೇಡ’ ಎನ್ನುವ ಪ್ರಾಯೋಜಕರ ಕಾಟವೂ ಇರಲಿಲ್ಲ. ಕಪ್ಪುಪಟ್ಟಿಗೆ ಟಿವಿಯಲ್ಲಿ ಬಲ ತುಂಬಿದ್ದೇ ಪ್ರಾಯೋಜಕರು ಎಂಬುದನ್ನು ಮರೆಯಬೇಡಿ.

★ ನಿರ್ಮಾಪಕ ಮನೆಯವರೇ! ಎರಡನೆಯ ಪತಿ ಜೋಸೆಫ್ ಫ್ಯೂರಿ ನಿರ್ಮಾಣ ನೋಡಿಕೊಂಡರು, ಲೀ ನಿರ್ದೇಶನ. ಗಂಡ ಹೆಂಡತಿ ಸೇರಿ ಕಟ್ಟಿದ ಚಿಕ್ಕ ಕಂಪನಿಯಿಂದ ಸಾಲುಸಾಲಾಗಿ ಚಿತ್ರಗಳು ಬಂದವು.

★ ವಿಷಯಗಳ ಪಟ್ಟಿ ನೋಡಿ. 1983ರ ‘ವೆನ್ ವಿಮೆನ್ ಕಿಲ್’: ಕೊಲೆ ಮಾಡಿ ಜೈಲು ಸೇರಿದ ಹೆಂಗಸರು. 1985ರ ‘ವಾಟ್ ಸೆಕ್ಸ್ ಆ್ಯಮ್ ಐ?’: ಲಿಂಗತ್ವ ಅಲ್ಪಸಂಖ್ಯಾತರ ಬದುಕು. 1989ರ ‘ಬ್ಯಾಟರ್ಡ್’: ಮನೆಯೊಳಗಿನ ಹೊಡೆತ ಬಡಿತ. 1992ರ ‘ವಿಮೆನ್ ಆನ್ ಟ್ರಯಲ್’: ಮಕ್ಕಳಿಗಾಗಿ ಕೋರ್ಟು ಮೆಟ್ಟಿಲು ಹತ್ತಿದ ತಾಯಂದಿರು.

★ ಅವುಗಳಲ್ಲಿ ‘ವಾಟ್ ಸೆಕ್ಸ್ ಆ್ಯಮ್ ಐ?’ ಬಂದ ವರ್ಷ ಇನ್ನೊಮ್ಮೆ ಗಮನಿಸಿ: 1985. ಲಿಂಗ ಪರಿವರ್ತನೆ ಎಂದರೆ ಟಿವಿಯಲ್ಲಿ ನಗೆಯ ವಸ್ತುವಾಗಿದ್ದ ಕಾಲ. ಲೀ ಆ ಜನರ ಕೆಲಸ, ಸಂಸಾರ, ಒಂಟಿತನಗಳನ್ನು ಕುರಿತು ಕೇಳಿದರು. ತಮಾಷೆಗೆ ಜಾಗವೇ ಇಡಲಿಲ್ಲ.

ಆ ಇನ್ನೊಂದು ಆಸ್ಕರ್

★ 1986ರ ‘ಡೌನ್ ಆ್ಯಂಡ್ ಔಟ್ ಇನ್ ಅಮೆರಿಕ’ ಲೀ ಅವರ ಅತ್ಯಂತ ಹೆಸರಾದ ಸಾಕ್ಷ್ಯಚಿತ್ರ. ನಿರೂಪಣೆಯ ದನಿಯೂ ಆಕೆಯದೇ. ಅಧ್ಯಕ್ಷ ರೇಗನ್ ಆಳ್ವಿಕೆಯಲ್ಲಿ ದೇಶ ಮತ್ತೆ ಏಳಿಗೆಯ ಹಾದಿ ಹಿಡಿದಿದೆ ಎಂಬ ಪ್ರಚಾರ ಜೋರಾಗಿತ್ತು. ಏಳಿಗೆಯ ಲೆಕ್ಕಕ್ಕೆ ಸಿಗದವರನ್ನು ಹುಡುಕಿಕೊಂಡು ಆಕೆ ಹೊರಟರು.

★ ಚಿತ್ರದಲ್ಲಿ ಮೂರು ನೆಲೆ. ಮಿನ್ನೆಸೋಟಾದಲ್ಲಿ ಸಾಲ ತೀರಿಸಲಾಗದೆ ಜಮೀನು ಕಳೆದುಕೊಳ್ಳುತ್ತಿರುವ ರೈತರು. ಲಾಸ್ ಏಂಜಲೀಸ್‌ನಲ್ಲಿ ಮನೆಯಿಲ್ಲದವರೇ ಕಟ್ಟಿಕೊಂಡ ‘ಜಸ್ಟೀಸ್‌ವಿಲ್’ ಎಂಬ ಗುಡಿಸಲು ಕೇರಿ. ನ್ಯೂಯಾರ್ಕಿನಲ್ಲಿ ಸರ್ಕಾರ ಬಾಡಿಗೆ ಕೊಟ್ಟು ಬಡ ಕುಟುಂಬಗಳನ್ನು ತುಂಬಿದ್ದ ಮುರುಕು ಹೋಟೆಲು. ಇಡೀ ಸಂಸಾರಕ್ಕೆ ಒಂದೇ ಕೋಣೆ.

★ ಸಾಲಕ್ಕೆ ಜಮೀನು ಹೋಗುವುದು ಎಂದರೆ ನಮಗೆ ನಮ್ಮ ಹಳ್ಳಿಗಳು ಕಣ್ಣಿಗೆ ಕಟ್ಟುತ್ತವೆ. ಆದರೆ ನೂರಾರು ಎಕರೆ, ದೈತ್ಯ ಟ್ರ್ಯಾಕ್ಟರು ಇದ್ದ ಅಮೆರಿಕದ ರೈತನಿಗೂ 1980ರ ದಶಕ ಅದೇ ಗತಿ ತಂದಿತು. 1970ರ ದಶಕದಲ್ಲಿ ಬೆಳೆಗೆ ಬೆಲೆ, ಭೂಮಿಗೆ ಬೆಲೆ ಏರಿದಾಗ ಬ್ಯಾಂಕುಗಳು ಕರೆದು ಕರೆದು ಸಾಲ ಕೊಟ್ಟವು. ಆಮೇಲೆ ಬಡ್ಡಿ ಏರಿತು, ಬೆಳೆಯ ಬೆಲೆಯೂ ಭೂಮಿಯ ಬೆಲೆಯೂ ಕುಸಿದವು. ಅಡವಿಟ್ಟ ಜಮೀನಿನ ಬೆಲೆ ಸಾಲಕ್ಕಿಂತ ಕೆಳಗಿಳಿಯಿತು.

★ ಸುಮಾರು ಒಂದು ಗಂಟೆಯ ಈ ಚಿತ್ರ 1987ರಲ್ಲಿ ಸಾಕ್ಷ್ಯಚಿತ್ರ ವಿಭಾಗದ ಆಸ್ಕರ್ ಗೆದ್ದಿತು. ಒಂದೇ ಚಿತ್ರ ಗೆಲ್ಲಲಿಲ್ಲ. ಬ್ರಿಜಿಟ್ ಬರ್ಮನ್ ಅವರ ‘ಆರ್ಟಿ ಶಾ: ಟೈಮ್ ಈಸ್ ಆಲ್ ಯೂವ್ ಗಾಟ್’ ಚಿತ್ರಕ್ಕೂ ಸಮ ಮತ ಬಿದ್ದು ಪ್ರಶಸ್ತಿ ಜಂಟಿಯಾಯಿತು. ಆಸ್ಕರ್‌ನಲ್ಲಿ ಇದು ತೀರಾ ಅಪರೂಪ. 1969ರಲ್ಲಿ ಕ್ಯಾಥರೀನ್ ಹೆಪ್‌ಬರ್ನ್, ಬಾರ್ಬ್ರಾ ಸ್ಟ್ರೈಸೆಂಡ್ ಇಬ್ಬರೂ ಶ್ರೇಷ್ಠ ನಟಿಯರಾದದ್ದು ಇಂಥದೇ ಇನ್ನೊಂದು ಪ್ರಸಂಗ.

★ ಇನ್ನೊಂದು ಸೋಜಿಗ: ಆ ಆಸ್ಕರ್‌ನ ದಾಖಲೆಯಲ್ಲಿ ಲೀ ಹೆಸರಿಲ್ಲ! ಪ್ರಶಸ್ತಿ ಸಂದದ್ದು ನಿರ್ಮಾಪಕರಾದ ಜೋಸೆಫ್ ಫ್ಯೂರಿ ಮತ್ತು ಮಿಲ್ಟನ್ ಜಸ್ಟಿಸ್ ಅವರಿಗೆ. ಆದರೂ ನಟನೆಗೆ ಆಸ್ಕರ್ ಪಡೆದು, ಆಸ್ಕರ್ ಗೆದ್ದ ಸಾಕ್ಷ್ಯಚಿತ್ರವನ್ನೂ ನಿರ್ದೇಶಿಸಿದವರು ಎಂಬ ಹಿರಿಮೆ ಲೀ ಗ್ರಾಂಟ್ ಅವರದೇ.

★ 1986 ಆಕೆಗೆ ಜೋಡಿ ಸುಗ್ಗಿ. ಅದೇ ವರ್ಷದ ಟಿವಿ ಚಿತ್ರ ‘ನೋಬಡೀಸ್ ಚೈಲ್ಡ್’ ಆಕೆಗೆ ಅಮೆರಿಕದ ನಿರ್ದೇಶಕರ ಸಂಘದ ಪ್ರಶಸ್ತಿ ತಂದಿತು. ವರ್ಷಗಟ್ಟಲೆ ಮಾನಸಿಕ ಆಸ್ಪತ್ರೆಯಲ್ಲಿ ಕೊಳೆತು ಹೊರಬಂದ ಹೆಣ್ಣೊಬ್ಬಳ ನಿಜಕಥೆ ಅದು. ನಾಯಕಿ ಮಾರ್ಲೋ ಥಾಮಸ್‌ಗೆ ಎಮ್ಮಿ ಬಂತು.

★ ವಿಲ್ಮರ್ ಉಪಾಯ ಮತ್ತೆ ಬಂತು. ಮನೆ ಕಳೆದುಕೊಂಡವರ ಕಥೆಯನ್ನು 1989ರಲ್ಲಿ ‘ನೋ ಪ್ಲೇಸ್ ಲೈಕ್ ಹೋಮ್’ ಎಂಬ ಟಿವಿ ಚಿತ್ರವಾಗಿ ಲೀ ತಂದರು. ಜೆಫ್ ಡೇನಿಯಲ್ಸ್, ಕ್ರಿಸ್ಟೀನ್ ಲಾಟಿ ಅದರ ಜೋಡಿ.

ಹಳೆಯ ಜೊತೆಗಾರರು, ಹೊಸ ಪ್ರಶ್ನೆಗಳು

★ 1967ರಲ್ಲಿ ಎದುರುಬದುರು ನಟಿಸಿದ್ದ ಸಿಡ್ನಿ ಪಾಯ್ಟಿಯರ್ ಕುರಿತು 2000ದಲ್ಲಿ ‘ಸಿಡ್ನಿ ಪಾಯ್ಟಿಯರ್: ಒನ್ ಬ್ರೈಟ್ ಲೈಟ್’ ಸಾಕ್ಷ್ಯಚಿತ್ರ ಮಾಡಿದ್ದು ಲೀ ಗ್ರಾಂಟ್.

★ ಮೊದಲ ಸಿನಿಮಾದ ನಾಯಕ ಕರ್ಕ್ ಡಗ್ಲಸ್ ಮತ್ತು ಅವರ ಮಗ ಮೈಕೆಲ್ ಡಗ್ಲಸ್ ಇಬ್ಬರನ್ನೂ ಕೂರಿಸಿಕೊಂಡು 2005ರಲ್ಲಿ ಎಚ್‌ಬಿಒಗೆ ಚಿತ್ರ ಮಾಡಿದರು. ಅಪ್ಪ ಮಗನ ಪ್ರೀತಿ, ಮುನಿಸು ಎರಡೂ ಅದರಲ್ಲಿವೆ. ಪೊಲೀಸ್ ಠಾಣೆಯ ಸೆಟ್ಟಿನಲ್ಲಿ ಅಂಗಡಿಗಳ್ಳಿಯಾಗಿ ಕರ್ಕ್ ಎದುರು ಕೂತು ಐವತ್ತಕ್ಕೂ ಹೆಚ್ಚು ವರ್ಷವಾಗಿತ್ತು. ಈಗ ಪ್ರಶ್ನೆ ಕೇಳುವ ಸರದಿ ಆಕೆಯದು.

★ ನಟನೆಯನ್ನೂ ಪೂರ್ತಿ ಬಿಟ್ಟಿರಲಿಲ್ಲ. ಡೇವಿಡ್ ಲಿಂಚ್ ಅವರ 2001ರ ‘ಮಲ್‌ಹಾಲಂಡ್ ಡ್ರೈವ್’ನಲ್ಲಿ ಬಾಗಿಲು ತಟ್ಟಿ ಕೇಡು ನುಡಿಯುವ ನೆರೆಮನೆಯ ಹೆಂಗಸು ಲೀ ಗ್ರಾಂಟ್.

★ 2014ರಲ್ಲಿ ಬಂದ ಆತ್ಮಕಥೆಯ ಹೆಸರು ‘ಐ ಸೆಡ್ ಯೆಸ್ ಟು ಎವೆರಿಥಿಂಗ್’, ಅಂದರೆ ಎಲ್ಲಕ್ಕೂ ಹೂಂ ಅಂದೆ. ಆಕೆಯ ಬದುಕನ್ನೇ ತಿರುಗಿಸಿದ್ದು ಮಾತ್ರ ಒಮ್ಮೆ ಅಂದ ಊಹೂಂ.

ಅದೇ ದಾರಿ ಹಿಡಿದ ಇನ್ನಷ್ಟು ಮಂದಿ

★ ಫ್ರಾನ್ಸಿನ ತಾರೆ ಡೆಲ್ಫಿನ್ ಸೇರಿಗ್ 1970ರ ದಶಕದಲ್ಲಿ ವಿಡಿಯೊ ಕ್ಯಾಮೆರಾ ಕೈಗೆತ್ತಿಕೊಂಡರು. ಸೋನಿ ಕಂಪನಿಯ ‘ಪೋರ್ಟಾಪ್ಯಾಕ್’ ಎಂಬ ಆ ಯಂತ್ರವನ್ನು ಒಬ್ಬರೇ ಹೆಗಲಿಗೆ ಹಾಕಿಕೊಂಡು ಓಡಾಡಬಹುದಿತ್ತು. ಟೇಪು ಅಗ್ಗ, ಲ್ಯಾಬಿಗೆ ಕಳಿಸಿ ತೊಳೆಸುವ ಗೋಜಿಲ್ಲ, ಸ್ಟುಡಿಯೋ ಅಪ್ಪಣೆ ಬೇಕಿಲ್ಲ.

★ ಸೇರಿಗ್ ಮಾಡಿದ ‘ಸ್ವಾ ಬೆಲ್ ಎ ತೆ ತ್ವಾ’ ಚಿತ್ರದಲ್ಲಿ ಇಪ್ಪತ್ತಕ್ಕೂ ಹೆಚ್ಚು ನಟಿಯರು ತಮ್ಮ ವೃತ್ತಿಯ ಒಳಗುಟ್ಟು ಬಿಚ್ಚಿಡುತ್ತಾರೆ. ಕೆನ್ನೆ ಒಳಗೆ ಹೋಗಿ ಮುಖ ಚೂಪಾಗಿ ಕಾಣಲೆಂದು ದವಡೆ ಮೂಳೆ ಮುರಿಸಿಕೊಳ್ಳುವ ಸಲಹೆ ಬಂದದ್ದನ್ನು ಜೇನ್ ಫೋಂಡಾ ಹೇಳುತ್ತಾರೆ. ನಿರ್ದೇಶನದ ಕಾರ್ಯಾಗಾರದಲ್ಲಿ ಲೀ ಜೊತೆಗಿದ್ದ ಎಲೆನ್ ಬರ್ಸ್ಟಿನ್ ಕೂಡ ಇದರಲ್ಲಿದ್ದಾರೆ. ಹಾಲಿವುಡ್‌ನಲ್ಲಿ ‘ಮೀ ಟೂ’ ಎದ್ದದ್ದು ಇದಾಗಿ ನಾಲ್ಕು ದಶಕಗಳ ಮೇಲೆ.

★ ನಟಿ ಶರ್ಲಿ ಮೆಕ್‌ಲೇನ್ 1973ರಲ್ಲಿ ಅಮೆರಿಕದ ಹೆಂಗಸರ ತಂಡವೊಂದನ್ನು ಮಾವೊ ಕಾಲದ ಚೀನಾಕ್ಕೆ ಕರೆದೊಯ್ದರು. ಆ ಪ್ರವಾಸದ ಸಾಕ್ಷ್ಯಚಿತ್ರ ‘ದಿ ಅದರ್ ಹಾಫ್ ಆಫ್ ದ ಸ್ಕೈ’ ಆಸ್ಕರ್ ನಾಮನಿರ್ದೇಶನ ಪಡೆಯಿತು.

★ ಸೆನೆಗಲ್‌ನ ಸಫಿ ಫಾಯ್ ಶಾಲಾ ಶಿಕ್ಷಕಿಯಾಗಿದ್ದರು. ಫ್ರಾನ್ಸಿನ ಜಾನ್ ರೂಷ್ ತಮ್ಮ ‘ಪೆತಿ ಆ ಪೆತಿ’ ಚಿತ್ರದಲ್ಲಿ ಆಕೆಯಿಂದ ಪಾತ್ರ ಮಾಡಿಸಿದರು. ಆಮೇಲೆ ಪ್ಯಾರಿಸ್‌ನಲ್ಲಿ ಜನಾಂಗ ಅಧ್ಯಯನ, ಸಿನಿಮಾ ಎರಡನ್ನೂ ಓದಿದ ಆಕೆ 1975ರಲ್ಲಿ ‘ಕದ್ದು ಬೇಯ್ಕಟ್’ ಮಾಡಿದರು. ಕಡಲೆಕಾಯಿ ಬೆಳೆಯೊಂದನ್ನೇ ನಂಬಿ ಸೋತ ಸ್ವಂತ ಹಳ್ಳಿಯ ಕಥೆ. ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಹೆಣ್ಣೊಬ್ಬಳು ನಿರ್ದೇಶಿಸಿ, ವಾಣಿಜ್ಯವಾಗಿ ಬಿಡುಗಡೆಯಾದ ಮೊದಲ ಪೂರ್ಣಚಿತ್ರ ಎಂಬ ಹೆಸರು ಅದಕ್ಕಿದೆ.

★ ಕೆನಡಾದ ಬಾಲನಟಿ ಸಾರಾ ಪಾಲಿ ಬೆಳೆದು ದೊಡ್ಡವರಾಗಿ ತಮ್ಮ ಮನೆಯ ಗುಟ್ಟಿನ ಮೇಲೇ ಕ್ಯಾಮೆರಾ ತಿರುಗಿಸಿದರು. ಸಾಕಿದ ಅಪ್ಪ ಒಬ್ಬರು, ಹುಟ್ಟಿಗೆ ಕಾರಣರಾದವರು ಇನ್ನೊಬ್ಬರು ಎಂದು ತಿಳಿದ ಮೇಲೆ 2012ರಲ್ಲಿ ಬಂದದ್ದು ‘ಸ್ಟೋರೀಸ್ ವಿ ಟೆಲ್’. ಅದರಲ್ಲಿ ಹಳೆಯ ಮನೆಯ ರೀಲುಗಳಂತೆ ಕಾಣುವ ಎಷ್ಟೋ ದೃಶ್ಯಗಳು ನಟರನ್ನಿಟ್ಟು ಹೊಸದಾಗಿ ತೆಗೆದವು!

ನಮ್ಮ ದೇಶದ ಸುಹಾಸಿನಿ ಮುಳೆ

★ ಮೃಣಾಲ್ ಸೇನ್ ಅವರ 1969ರ ‘ಭುವನ್ ಶೋಮ್’ ನೆನಪಿದೆಯೇ? ಸಿಡುಕು ಅಧಿಕಾರಿ ಉತ್ಪಲ್ ದತ್ ಅವರನ್ನು ಮೆತ್ತಗೆ ಮಾಡುವ ಸೌರಾಷ್ಟ್ರದ ಹಳ್ಳಿಹುಡುಗಿ ಗೌರಿ, ಸುಹಾಸಿನಿ ಮುಳೆ. ಅಮಿತಾಭ್ ಬಚ್ಚನ್ ದನಿ ಮೊದಲು ಸಿನಿಮಾದಲ್ಲಿ ಕೇಳಿಸಿದ್ದೂ ಇದರಲ್ಲೇ.

★ ಅಂಥ ಆರಂಭ ಸಿಕ್ಕರೂ ಸುಹಾಸಿನಿ ಮುಂಬೈಯ ದಾರಿ ಹಿಡಿಯಲಿಲ್ಲ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೆ ಹೋಗಿ ಕೃಷಿ ಓದಿದರು. ಮರಳಿ ಬಂದು ಸತ್ಯಜಿತ್ ರೇ ಅವರ ‘ಜನ ಅರಣ್ಯ’ಕ್ಕೆ, ಮೃಣಾಲ್ ಸೇನ್ ಅವರ ‘ಮೃಗಯಾ’ಕ್ಕೆ ಸಹಾಯಕಿಯಾಗಿ ದುಡಿದರು. ಆಮೇಲೆ ಸಾಕ್ಷ್ಯಚಿತ್ರಗಳೇ ಅವರ ಕೆಲಸವಾದವು.

★ 1980ರಲ್ಲಿ ಬಿಹಾರದ ಭಾಗಲ್ಪುರದಲ್ಲಿ ಪೊಲೀಸರು ವಿಚಾರಣಾಧೀನ ಕೈದಿಗಳ ಕಣ್ಣು ಚುಚ್ಚಿ ಆಸಿಡ್ ಸುರಿದ ಪ್ರಕರಣ ದೇಶವನ್ನೇ ನಡುಗಿಸಿತು. ಅದರ ಮೇಲಿನ ‘ಆ್ಯನ್ ಇಂಡಿಯನ್ ಸ್ಟೋರಿ’ಯನ್ನು ತಪನ್ ಬೋಸ್ ನಿರ್ದೇಶಿಸಿದರು, ಸುಹಾಸಿನಿ ನಿರ್ಮಿಸಿದರು.

★ 1984ರ ಭೋಪಾಲ್ ಅನಿಲ ದುರಂತದ ಮೇಲೆ ಇವರ ತಂಡ ಮಾಡಿದ ‘ಭೋಪಾಲ್: ಬಿಯಾಂಡ್ ಜೆನೊಸೈಡ್’ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಗೆದ್ದಿತು. ಆದರೂ ದೂರದರ್ಶನ ಪ್ರಸಾರ ಮಾಡಲೊಲ್ಲೆ ಎಂದಿತು. ವಿಷಯ ಹಳೆಯದಾಯಿತು, ಸಂಯಮ ಸಾಲದು ಎಂಬಂಥ ಕಾರಣ ಕೊಟ್ಟಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಸರ್ಕಾರವನ್ನು ಟೀಕಿಸಿದೆ ಎಂಬ ಕಾರಣಕ್ಕೆ ಚಿತ್ರವನ್ನು ತಡೆಯುವಂತಿಲ್ಲ ಎಂದು 1992ರಲ್ಲಿ ನ್ಯಾಯಾಲಯ ಚಿತ್ರ ಮಾಡಿದವರ ಪರ ನಿಂತಿತು. ಅಭಿವ್ಯಕ್ತಿ ಸ್ವಾತಂತ್ರ್ಯದ ಮೊಕದ್ದಮೆಗಳಲ್ಲಿ ಈ ತೀರ್ಪನ್ನು ವಕೀಲರು ಇಂದಿಗೂ ಎತ್ತಿ ಹೇಳುತ್ತಾರೆ.

★ ಸುಹಾಸಿನಿ ನಟನೆಗೆ ಮರಳಿದ್ದು ಬಹಳ ತಡವಾಗಿ. ಗುಲ್ಜಾರ್ ಅವರ ‘ಹು ತು ತು’ ಚಿತ್ರಕ್ಕೆ ಶ್ರೇಷ್ಠ ಪೋಷಕ ನಟಿ ರಾಷ್ಟ್ರಪ್ರಶಸ್ತಿ ಬಂತು. 2001ರ ‘ಲಗಾನ್’ನಲ್ಲಿ ಆಮೀರ್ ಖಾನ್ ಅಮ್ಮನಾಗಿ ಮನೆಮನೆಗೆ ಪರಿಚಿತರಾದರು.

★ ಸುಹಾಸಿನಿ ಅವರ ತಾಯಿಯ ಕೆಲಸವನ್ನೂ ನೀವು ನೋಡಿರುತ್ತೀರಿ. ದೂರದರ್ಶನದಲ್ಲಿ ಮತ್ತೆ ಮತ್ತೆ ಬರುತ್ತಿದ್ದ, ಹಕ್ಕಿಗಳೆಲ್ಲ ಒಟ್ಟಾಗಿ ಬಲೆಯನ್ನೇ ಹೊತ್ತು ಹಾರುವ ‘ಏಕ್ ಅನೇಕ್ ಔರ್ ಏಕ್ತಾ’ ಎಂಬ ಕಾರ್ಟೂನ್ ಚಿತ್ರ ವಿಜಯಾ ಮುಳೆ ಅವರದು.

ಎಲ್ಲಿಂದ ಶುರು ಮಾಡೋಣ?

★ ಲೀ ಗ್ರಾಂಟ್ ಅವರನ್ನು ನೋಡಬೇಕೆನಿಸಿದರೆ ಮೊದಲು ‘ಡಿಟೆಕ್ಟಿವ್ ಸ್ಟೋರಿ’, ಆಮೇಲೆ ‘ದಿ ವಿಲ್ಮರ್ 8’, ಮೂರನೆಯದಾಗಿ ‘ಡೌನ್ ಆ್ಯಂಡ್ ಔಟ್ ಇನ್ ಅಮೆರಿಕ’ ನೋಡಿ. ಮೊದಲನೆಯದರಲ್ಲಿ ಆಕೆಯ ಮುಖ ಗಮನಿಸಿ. ಉಳಿದೆರಡರಲ್ಲಿ ಆಕೆ ಎಷ್ಟು ಕಡಿಮೆ ಮಾತಾಡುತ್ತಾರೆ, ಎದುರಿಗಿರುವವರಿಗೆ ಎಷ್ಟು ಹೊತ್ತು ಬಿಟ್ಟುಕೊಡುತ್ತಾರೆ ಎಂಬುದನ್ನು ಗಮನಿಸಿ. ಸಮಿತಿ ಕೇಳಿದ್ದು ಇನ್ನೊಬ್ಬರ ಮೇಲೆ ದೂರು. ಆಕೆ ಕೇಳಿದ್ದು ಅವರವರ ಕಥೆ ಮಾತ್ರ. ಪ್ರಶ್ನೆ ಕೇಳುವುದರಲ್ಲೂ ಎಷ್ಟು ಬಗೆ ಇದೆ ಎಂಬುದು ಆಗ ನಿಮಗೇ ಗೊತ್ತಾಗುತ್ತದೆ.